ಕೇಕ್ ಮಾರುವುದಿಲ್ಲ, ಬೇಜಾರು ಮಾಡ್ಕೋಬೇಡಿ

ನಿವೃತ್ತನಾದ ಮೇಲೆ ಬೇಕಿಂಗ್ ಕಲಿತೆ ಅಂತ ಗೊತ್ತಾದವರೆಲ್ಲ ಹೇಳುವುದು ಒಂದೇ ಮಾತು. "ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಆರ್ಡರ್ ತಗೊಳ್ಳೋಕೆ ಶುರು ಮಾಡಿ!" ಕೆಲವರು ಆಗಲೇ ಹೆಸರೂ ಯೋಚಿಸಿಟ್ಟಿರುತ್ತಾರೆ. ಲೋಗೋ ಮಾಡಿಕೊಡಲು ಅಳಿಯ ಇದ್ದಾನೆ ಅನ್ನುತ್ತಾರೆ. ಹೇಳುವವರದು ಒಳ್ಳೆಯ ಮನಸ್ಸೇ. ಆದರೂ ನಾನು ಮಾರುವುದಿಲ್ಲ. ಯಾಕೆ ಅಂತ ಪ್ರತಿ ಸಲ ನಿಂತು ವಿವರಿಸುವುದು ಕಷ್ಟ. ಅದಕ್ಕೆ ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ. ಉದ್ದ ಇದೆ, ಬಿಡುವಾದಾಗ ಓದಿ.

ನಾನಿದ್ದದ್ದು ಲೆಕ್ಕಪತ್ರ ವಿಭಾಗದಲ್ಲಿ. ಅಲ್ಲಿ ಎಲ್ಲದಕ್ಕೂ ಗಡುವು, ಎಲ್ಲದಕ್ಕೂ ಟಾರ್ಗೆಟ್. ವರ್ಷಕ್ಕೊಮ್ಮೆ ಯಾರೋ ನಮಗೆ ಅಂಕ ಹಾಕುತ್ತಿದ್ದರು, ನಾವು ಇನ್ಯಾರಿಗೋ ಹಾಕುತ್ತಿದ್ದೆವು. ಆ ಬಗ್ಗೆ ದೂರೇನಿಲ್ಲ, ಮನೆ ನಡೆದದ್ದೇ ಅದರಿಂದ. ಆದರೆ ಒಂದು ಆರ್ಡರ್ ಒಪ್ಪಿಕೊಂಡರೆ ಸಾಕು, ಆ ಗಡುವು, ಆ ಅಂಕ ಎರಡೂ ವಾಪಸ್ ಬಂದು ಅಡುಗೆಮನೆಯಲ್ಲೇ ಕೂರುತ್ತವೆ. ಶನಿವಾರ ಸಂಜೆ ಯಾರದ್ದೋ ಹುಟ್ಟುಹಬ್ಬ ಅಂದರೆ ಮಧ್ಯಾಹ್ನ ನಾನು ಓವನ್ ಮುಂದೆ ಇರಲೇಬೇಕು. ಮೊಮ್ಮಗಳು ಚೆಸ್ ಬೋರ್ಡ್ ಹಿಡಿದು ಬಂದರೆ "ಇರು ಪುಟ್ಟಾ, ಆರ್ಡರ್ ಇದೆ" ಅನ್ನಬೇಕು. ಬೇಡಪ್ಪಾ.

ಇದು ಬರೀ ನನ್ನ ಹಟ ಅಂದುಕೊಳ್ಳಬೇಡಿ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನಃಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಒಂದು ಪ್ರಯೋಗ ಮಾಡಿದ್ದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದು ಅಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನದ ಆಸೆ ತೋರಿಸಿದ್ದ ಮಕ್ಕಳು ಪೆನ್ನು ಹಿಡಿಯುವುದನ್ನೇ ಕಮ್ಮಿ ಮಾಡಿದ್ದರು. ಬಿಡುವಿನ ಆಟದ ಸಮಯದಲ್ಲಿ ಚಿತ್ರಕ್ಕೆ ಅವರು ಕೊಟ್ಟ ಹೊತ್ತು ಬೇರೆ ಮಕ್ಕಳು ಕೊಟ್ಟದ್ದರ ಸುಮಾರು ಅರ್ಧದಷ್ಟು. ಹೇಳದೆ ಬಹುಮಾನ ಪಡೆದವರ ಖುಷಿಗೆ ಮಾತ್ರ ಏನೂ ಆಗಿರಲಿಲ್ಲ. ಅಂದರೆ ನೀವು ತಿಂದು "ಸೂಪರ್" ಅಂದರೆ ನನಗೆ ಸಂತೋಷವೇ. ಅಡ್ವಾನ್ಸ್ ಕೊಟ್ಟರೆ ಮಾತ್ರ ತೊಂದರೆ.

ನಿವೃತ್ತಿ ಅನ್ನುವುದೇ ಇತ್ತೀಚಿನ ಸಂಗತಿ, ಇದನ್ನು ನಾವು ಮರೆಯುತ್ತೇವೆ. ಜರ್ಮನಿಯಲ್ಲಿ ಬಿಸ್ಮಾರ್ಕ್ ಚಾನ್ಸೆಲರ್ ಆಗಿದ್ದ ಕಾಲದಲ್ಲಿ, 1889ರಲ್ಲಿ, ಕೆಲಸಗಾರರ ವೃದ್ಧಾಪ್ಯ ಪಿಂಚಣಿಗೆ ಕಾನೂನು ಬಂತು. ಅಲ್ಲಿ ವಯಸ್ಸು 70 ಎಂದಿತ್ತು. ಅದು 65ಕ್ಕೆ ಇಳಿದದ್ದು 1916ರಲ್ಲಿ. ಆಗ ಆ ವಯಸ್ಸು ಮುಟ್ಟುವವರೇ ಕಡಿಮೆ. ಇವತ್ತು ಕೆಲಸ ಬಿಟ್ಟ ಮೇಲೂ ಇಪ್ಪತ್ತು ವರ್ಷ ಚೆನ್ನಾಗಿ ಓಡಾಡಿಕೊಂಡಿರುವವರು ನಮ್ಮ ಸುತ್ತಲೇ ಇದ್ದಾರೆ. ಇಷ್ಟು ದೊಡ್ಡ ಬಿಡುವು ಸಾಮಾನ್ಯ ಜನರಿಗೆ ಹಿಂದೆ ಸಿಕ್ಕಿದ್ದೇ ಇಲ್ಲ. ಅದನ್ನು ಹೇಗೆ ಕಳೆಯಬೇಕು ಅಂತ ಹೇಳಿಕೊಡುವ ಹಿರಿಯರೂ ಇರಲಿಲ್ಲ. ಹಾಗಾಗಿಯೋ ಏನೋ, ಕೆಲವರು ಟಿವಿ ಮುಂದೆ ಕೂತುಬಿಡುತ್ತಾರೆ. ಇನ್ನು ಕೆಲವರು "ಸೆಕೆಂಡ್ ಇನ್ನಿಂಗ್ಸ್" ಅಂತ ಮತ್ತೆ ವಿಸಿಟಿಂಗ್ ಕಾರ್ಡ್ ಮಾಡಿಸುತ್ತಾರೆ. ದುಡ್ಡಿನ ಅಗತ್ಯ ಇದ್ದು ದುಡಿಯುವವರ ಮಾತು ಬೇರೆ, ಅವರಿಗೆ ನನ್ನ ನಮಸ್ಕಾರ. ನಾನು ಹೇಳುತ್ತಿರುವುದು ಅಗತ್ಯವಿಲ್ಲದಿದ್ದರೂ ಸುಮ್ನೆ ಇರಲಾರದವರ ಬಗ್ಗೆ.

ಬೇಕಿಂಗೇ ಯಾಕೆ ಅಂತ ಕೇಳಿದರೆ, ಲೆಕ್ಕದವನ ಬುದ್ಧಿಗೆ ಅದು ಹೊಂದುತ್ತೆ. ಅಡುಗೆಯಲ್ಲಿ ಕಣ್ಣಳತೆ ನಡೆಯುತ್ತೆ, ಉಪ್ಪು ಕಮ್ಮಿಯಾದರೆ ಆಮೇಲೂ ಹಾಕಬಹುದು. ಓವನ್ ಬಾಗಿಲು ಮುಚ್ಚಿದ ಮೇಲೆ ಅಂಥ ತಿದ್ದುಪಡಿಗೆ ಅವಕಾಶ ಇಲ್ಲ. ಬ್ರೆಡ್ ಮಾಡುವವರು ಎಲ್ಲವನ್ನೂ ಹಿಟ್ಟಿನ ತೂಕಕ್ಕೆ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಹಿಟ್ಟು 100, ನೀರು 65ರಿಂದ 70, ಉಪ್ಪು 2. ಅರ್ಧ ಕಿಲೋ ಮೈದಾ ಅಂದರೆ 325ರಿಂದ 350 ಗ್ರಾಂ ನೀರು, 10 ಗ್ರಾಂ ಉಪ್ಪು. ಇದನ್ನು ಮೊದಲ ಸಲ ಓದಿದಾಗ ನನಗಾದ ಖುಷಿ ಹೇಳತೀರದು. ಕಪ್ ಅಳತೆ ನಂಬಬೇಡಿ. ಹಗುರವಾಗಿ ತುಂಬಿದರೆ ಒಂದು ಕಪ್ ಮೈದಾ 120 ಗ್ರಾಂ ತೂಗುತ್ತೆ, ಒತ್ತಿ ತುಂಬಿದರೆ ಅದೇ ಕಪ್ 150 ಆಗುತ್ತೆ. ಒಂದೇ ರೆಸಿಪಿ ಒಮ್ಮೆ ಮೆತ್ತಗೆ, ಒಮ್ಮೆ ಗಟ್ಟಿ ಬರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಅಡುಗೆ ಸೋಡಾ, ಬೇಕಿಂಗ್ ಪೌಡರ್ ಎರಡೂ ಒಂದೇ ಅಂದುಕೊಂಡವರು ತುಂಬಾ ಜನ. ಸೋಡಾ ಕೆಲಸ ಮಾಡಲು ಹುಳಿ ಬೇಕು. ಮೊಸರೋ ನಿಂಬೆರಸವೋ ಜೊತೆಗಿರಬೇಕು. ಪೌಡರ್‌ನಲ್ಲಿ ಆ ಹುಳಿ ಒಣಪುಡಿಯಾಗಿ ಮೊದಲೇ ಸೇರಿರುತ್ತೆ, ಒದ್ದೆಯಾಗುವ ತನಕ ಸುಮ್ಮನಿರಲಿ ಅಂತ ಸ್ವಲ್ಪ ಪಿಷ್ಟವನ್ನೂ ಬೆರೆಸಿರುತ್ತಾರೆ. ಈ ಪೌಡರ್ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಅಂತ ಒಬ್ಬರು ಔಷಧ ವ್ಯಾಪಾರಿ. ಹೆಂಡತಿಗೆ ಯೀಸ್ಟ್ ಆಗುತ್ತಿರಲಿಲ್ಲ, ಮೊಟ್ಟೆಯೂ ಆಗುತ್ತಿರಲಿಲ್ಲ. ಅವಳೂ ಬ್ರೆಡ್ ತಿನ್ನಲಿ ಅಂತ 1843ರಲ್ಲಿ ಯೀಸ್ಟ್ ಇಲ್ಲದೆ ಹಿಟ್ಟು ಉಬ್ಬಿಸುವ ಪುಡಿ ಮಾಡಿದರು. ಅದಕ್ಕೂ ಮುಂಚೆ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿಯನ್ನೂ ಅವಳಿಗಾಗಿಯೇ ಮಾಡಿದ್ದರು. ಆಮೇಲೆ ಎರಡೂ ದೊಡ್ಡ ವ್ಯಾಪಾರವಾದವು ನಿಜ. ನನ್ನ ವಾದಕ್ಕೆ ಅದು ಅಷ್ಟು ಅನುಕೂಲವಲ್ಲ, ಇರಲಿ.

ಹೆಂಡತಿಯ ಮಾತು ಬಂತಲ್ಲ. ನಿವೃತ್ತ ಗಂಡಸರು ಅಡುಗೆಮನೆಗೆ ನುಗ್ಗುವ ಮೊದಲು ಒಂದು ವಿಷಯ ತಿಳಿದಿರಬೇಕು. ಅದು ಖಾಲಿ ಜಾಗ ಅಲ್ಲ. ಅಲ್ಲಿ ಯಾವ ಡಬ್ಬಿ ಎಲ್ಲಿರಬೇಕು, ಯಾವ ಬಟ್ಟೆಯಲ್ಲಿ ಏನು ಒರೆಸಬೇಕು ಅನ್ನುವುದೆಲ್ಲ ತೀರ್ಮಾನವಾಗಿ ದಶಕಗಳೇ ಕಳೆದಿವೆ. ನಮ್ಮ ಮನೆಯಲ್ಲಿ ಒಪ್ಪಂದ ಸರಳ. "ರೀ, ಏನು ಬೇಕಾದ್ರೂ ಮಾಡ್ಕೊಳ್ಳಿ. ಹನ್ನೊಂದು ಗಂಟೆಗೆ ಕಟ್ಟೆ ಖಾಲಿ ಇರಬೇಕು, ಪಾತ್ರೆ ನೀವೇ ತೊಳೀಬೇಕು." ಜೀವನಪೂರ್ತಿ ಆಡಿಟ್ ನೋಡಿದವನು ನಾನು, ಇಷ್ಟು ಕಟ್ಟುನಿಟ್ಟಿನ ಆಡಿಟರ್ ಸಿಕ್ಕಿರಲಿಲ್ಲ.

ಇಬ್ಬರೇ ಇರುವ ಮನೆಯಲ್ಲಿ ಒಂದು ಇಡೀ ಕೇಕ್ ಜಾಸ್ತಿಯೇ. ಈ ವಯಸ್ಸಿನಲ್ಲಿ ಸಕ್ಕರೆಯ ಲೆಕ್ಕವನ್ನೂ ಇಡಬೇಕಲ್ಲ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ರೀಮ್ ಹಚ್ಚಿದ ದೊಡ್ಡ ತುಂಡೊಂದರಲ್ಲೇ ಅಷ್ಟು ಮುಗಿದುಹೋಗಬಹುದು. ಹಾಗಾಗಿ ನಾನು ಚಿಕ್ಕ ಟಿನ್‌ನಲ್ಲಿ ಮಾಡುತ್ತೇನೆ, ಒಂದು ತುಂಡು ತಿಂದು ಉಳಿದದ್ದನ್ನು ಹಂಚುತ್ತೇನೆ. ಎಷ್ಟೋ ಕಾಲದಿಂದ ಬರೀ ತಲೆಯಾಡಿಸಿ ಹೋಗುತ್ತಿದ್ದ ಅಕ್ಕಪಕ್ಕದವರು ಈಗ ಡಬ್ಬಿ ವಾಪಸ್ ಕೊಡಲು ಬಂದು ಅರ್ಧ ಗಂಟೆ ಕೂತು ಹೋಗುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಿಂದ ಒಂದು ಅಧ್ಯಯನ ನಡೆಯುತ್ತಿದೆ. ಅದೇ ಜನರನ್ನು ಯೌವನದಿಂದ ಮುಪ್ಪಿನವರೆಗೂ ಗಮನಿಸಿದರು. 50ರ ವಯಸ್ಸಿನಲ್ಲಿ ತಮ್ಮವರ ಜೊತೆ ತೃಪ್ತಿಯಿಂದಿದ್ದವರೇ 80ರಲ್ಲೂ ಹೆಚ್ಚು ಆರೋಗ್ಯವಾಗಿದ್ದರಂತೆ. ಡಾಕ್ಟರ್ ಕೊಲೆಸ್ಟ್ರಾಲ್ ನೋಡಿ ಮುಖ ಸಿಂಡರಿಸಿದಾಗ ನಾನು ಈ ಅಧ್ಯಯನ ನೆನಪಿಸಿಕೊಳ್ಳುತ್ತೇನೆ. ಅವರ ಮುಂದೆ ಹೇಳುವುದಿಲ್ಲ.

ಮೊಮ್ಮಗಳು ಬಂದ ದಿನ ತೂಕ ಮಾಡುವುದು ಅವಳ ಕೆಲಸ. "ತಾತ, 2 ಗ್ರಾಂ ಜಾಸ್ತಿ ಆಯ್ತು" ಅಂತ ಚಮಚದ ತುದಿಯಲ್ಲಿ ತೆಗೆಯುತ್ತಾಳೆ. ನೀರು ಎಷ್ಟು ಬಿಸಿ ಇದ್ದರೆ ಯೀಸ್ಟ್ ಸಾಯುತ್ತೆ ಅಂತ ಕೇಳುತ್ತಾಳೆ. 60 ಡಿಗ್ರಿ ಹತ್ತಿರ ಹೋದರೆ ಮುಗಿಯಿತು ಅಂದರೆ "ಪಾಪ" ಅನ್ನುತ್ತಾಳೆ, ಮರುಗಳಿಗೆಯೇ ಹಿಟ್ಟನ್ನು 220 ಡಿಗ್ರಿ ಓವನ್‌ಗೆ ತಳ್ಳು ಅಂತ ಅವಸರ ಮಾಡುತ್ತಾಳೆ. ಅವಳು ಬರುವುದೆಂದರೆ ನಮಗೆ ಹಬ್ಬವೇ. ಹಾಗಂತ ನಿವೃತ್ತರು ಅಂದರೆ ಯಾವಾಗ ಬೇಕಾದರೂ ಮಗು ಬಿಟ್ಟುಹೋಗಬಹುದಾದ ಜಾಗ ಅಂತ ಮಕ್ಕಳು ಅಂದುಕೊಳ್ಳಬಾರದು. ಕೇಳಬೇಕು. ನಾವೂ "ಈ ವಾರ ಆಗಲ್ಲಪ್ಪ" ಅಂತ ಧೈರ್ಯವಾಗಿ ಹೇಳಬೇಕು. ಹೀಗೆ ಹೇಳಿದರೆ ಪ್ರೀತಿ ಕಮ್ಮಿಯಾಗುತ್ತೆ ಅನ್ನುವ ಭಯ ನಮ್ಮ ವಯಸ್ಸಿನವರಿಗೆ ತುಂಬಾ ಇದೆ. ಕಮ್ಮಿಯಾಗಲ್ಲ, ನೋಡಿದ್ದೇನೆ.

ದೇವರ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ವಯಸ್ಸಾದ ಮೇಲೆ ಭಕ್ತಿ ತಾನಾಗಿ ಬರುತ್ತೆ ಅಂತ ಜನ ನಂಬಿದ್ದಾರೆ. ಹಾಗೇನಿಲ್ಲ. ಇದ್ದ ಅನುಮಾನಗಳು ಇದ್ದೇ ಇವೆ, ಒಂದೆರಡು ಹೊಸದೂ ಸೇರಿವೆ. ಬದಲಾದದ್ದು ಸಮಯ ಮಾತ್ರ. ಕೆಲಸದ ದಿನಗಳಲ್ಲಿ ಪ್ರಾರ್ಥನೆ ಅಂದರೆ ಬೇಡಿಕೆ ಪಟ್ಟಿ. ಬಡ್ತಿ, ಮಕ್ಕಳ ಪರೀಕ್ಷೆ, ಸಾಲ. ಈಗ ಕೇಳುವುದು ಕಮ್ಮಿ, ಕೂರುವುದು ಜಾಸ್ತಿ. ಬೆಳಿಗ್ಗೆ ಹಿಟ್ಟು ನಾದಿ ಮುಚ್ಚಿಟ್ಟರೆ ಉಬ್ಬಲು ಒಂದು ಗಂಟೆ ಬೇಕು. ಆ ಹೊತ್ತಿನಲ್ಲಿ ಮಾಡುವುದಕ್ಕೆ ಏನೂ ಇರುವುದಿಲ್ಲ, ಹಾಗಾಗಿ ಅದು ದೇವರಿಗೆ. ಸಾಲು ಸಾಲು ಪಾಠ ಒಪ್ಪಿಸುವುದಕ್ಕಿಂತ ಹೀಗೆ ಸುಮ್ನೆ ಕೂತರೆ ನನಗೆ ಹೆಚ್ಚು ಸಮಾಧಾನ. ನಿಮಗೆ ಬೇರೆ ಇರಬಹುದು. ಇದರಲ್ಲಿ ಒಬ್ಬರು ಇನ್ನೊಬ್ಬರಿಗೆ ಉಪದೇಶ ಮಾಡುವುದು ನನಗಂತೂ ಇಷ್ಟವಾಗುವುದಿಲ್ಲ.

ಇನ್ನು ಪ್ರವಾಸ. ಬ್ರೆಡ್‌ನ ಹುಚ್ಚು ಹಿಡಿದವರಿಗೆ ಊರು ಬಿಟ್ಟು ಹೋಗುವುದೇ ಒಂದು ಸಮಸ್ಯೆ, ಯಾಕೆಂದರೆ ಮನೆಯಲ್ಲಿ ಸೌರ್‌ಡೋ ಸ್ಟಾರ್ಟರ್, ಅಂದರೆ ಬ್ರೆಡ್ ಉಬ್ಬಿಸಲು ಸಾಕಿಕೊಂಡ ಹುಳಿಹಿಟ್ಟು, ಇರುತ್ತೆ. ಹಿಟ್ಟು, ನೀರು, ಅದರಲ್ಲಿ ತಾವಾಗಿ ಬೆಳೆದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ. ಹೊರಗಿಟ್ಟರೆ ದಿನಾ ಹೊಸ ಹಿಟ್ಟು ಕೊಡಬೇಕು. ಫ್ರಿಜ್‌ನಲ್ಲಿಟ್ಟರೆ ವಾರಕ್ಕೊಮ್ಮೆ ಸಾಕು. ಅದಕ್ಕೂ ಜಾಸ್ತಿ ದಿನ ಹೋಗುವುದಾದರೆ ತೆಳ್ಳಗೆ ಸವರಿ ಒಣಗಿಸಿ, ಪುಡಿ ಮಾಡಿ ಡಬ್ಬಿಯಲ್ಲಿಡಿ. ವಾಪಸ್ ಬಂದು ನೀರು, ಹಿಟ್ಟು ಕೊಟ್ಟರೆ ಕೆಲವೇ ದಿನಗಳಲ್ಲಿ ಮತ್ತೆ ಗುಳ್ಳೆ ಏಳುತ್ತೆ.

ದೂರ ಹೋಗುವವರಿಗೆ ಇನ್ನೊಂದು ಮಾತು. ನಾಲ್ಕು ಗಂಟೆಗೂ ಮೀರಿ ಕೂತೇ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ವಿಮಾನವೇ ಆಗಬೇಕಿಲ್ಲ, ರೈಲು, ಬಸ್ಸು, ಕಾರು ಎಲ್ಲದಕ್ಕೂ ಅನ್ವಯ. ಒಟ್ಟಾರೆ ಅಪಾಯ ಚಿಕ್ಕದೇ. ಆದರೂ ಎದ್ದು ಓಡಾಡಿ, ಕೂತಲ್ಲೇ ಪಾದ ಆಡಿಸುತ್ತಿರಿ, ಮೊದಲೇ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಹೊರಡಿ. ಔಷಧಿ ಕೈಚೀಲದಲ್ಲೇ ಇರಲಿ.

ಐದು ದಿನದಲ್ಲಿ ಏಳು ಊರು ತೋರಿಸುವ ಪ್ಯಾಕೇಜ್ ಟೂರ್‌ಗಳ ಮೇಲೆ ನನಗೆ ಕೋಪವೇ ಇದೆ. ಅದೂ ಟಾರ್ಗೆಟ್ ಕೆಲಸವೇ ಅಲ್ವಾ? ಒಂದೇ ಊರಿನಲ್ಲಿ ನಿಂತು, ಒಂದೇ ವಸ್ತುವಿನ ಮುಂದೆ ಅರ್ಧ ಗಂಟೆ ಕಳೆಯಲು ಆಗಬೇಕು. ಇಟಲಿಯ ನೇಪಲ್ಸ್ ಪುರಾತತ್ವ ಸಂಗ್ರಹಾಲಯದಲ್ಲಿ ಕ್ರಿ.ಶ. 79ರ ವೆಸೂವಿಯಸ್ ಜ್ವಾಲಾಮುಖಿಯಲ್ಲಿ ಸುಟ್ಟು ಕರಕಲಾದ ಬ್ರೆಡ್ ಇದೆ. ದುಂಡಗೆ, ಎಂಟು ಭಾಗ ಮಾಡಲು ಗೆರೆ ಹಾಕಿದ್ದು. ಹರ್ಕ್ಯುಲೇನಿಯಂ ಊರಿನಲ್ಲಿ ಸಿಕ್ಕ ಒಂದರ ಮೇಲೆ ಹೆಸರಿನ ಮುದ್ರೆಯೇ ಇದೆ. ಕ್ವಿಂಟಸ್ ಗ್ರೇನಿಯಸ್ ವೆರಸ್ ಎಂಬವರ ಗುಲಾಮ ಕೆಲರ್‌ನದು ಅಂತ. ಈ ಪ್ರವಾಸ ನನಗೆ ಇನ್ನೂ ಕನಸು. ಹೋದರೆ ಆ ಗಾಜಿನ ಮುಂದೆ ನಿಂತು, ಹಿಟ್ಟಿಗೆ ನೀರು ಶೇಕಡಾ ಎಷ್ಟು ಹಾಕಿರಬಹುದು ಅಂತ ಲೆಕ್ಕ ಹಾಕುತ್ತೇನೆ. ನನ್ನ ಹೆಂಡತಿ ಅಷ್ಟರಲ್ಲಿ ಉಳಿದ ಸಂಗ್ರಹಾಲಯ ನೋಡಿ ಬರುತ್ತಾಳಂತೆ.

ಇತ್ತೀಚೆಗೆ ನಿವೃತ್ತರಾದ ಗೆಳೆಯರೊಬ್ಬರು, ಇದರಲ್ಲಿ ಯಾವುದನ್ನು ಮೊದಲು ಶುರು ಮಾಡಲಿ ಅಂತ ಕೇಳಿದರು. ಮಂಡಿ ಗಟ್ಟಿ ಇರುವಾಗ ಪ್ರವಾಸ ಮಾಡಿ ಅಂದೆ. ಬೇಕಿಂಗ್ ಸ್ಟೂಲ್ ಮೇಲೆ ಕೂತೂ ಮಾಡಬಹುದು. ಕಲಿಯುವ ಮನಸ್ಸಿದ್ದರೆ ದುಬಾರಿ ಓವನ್ ಬೇಡ, ಮೊದಲು ಒಂದು ತೂಕದ ಯಂತ್ರ, ಓವನ್ ಒಳಗಿಡುವ ಥರ್ಮಾಮೀಟರ್ ಕೊಳ್ಳಿ ಅಂದೆ. ಗುಂಡಿಯಲ್ಲಿ 180 ಅಂತಿದ್ದರೂ ಒಳಗೆ ಅಷ್ಟೇ ಇರುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಎಲ್ಲ ಕೇಳಿಸಿಕೊಂಡು ಅವರು, "ಆಯ್ತು, ಕಲಿತ ಮೇಲೆ ಇಬ್ಬರೂ ಪಾರ್ಟ್ನರ್‌ಶಿಪ್‌ನಲ್ಲಿ ಏನಾದರೂ ಮಾಡೋಣ" ಅಂದರು.