ಊಟ ಬಿಟ್ಟ ಹ್ಯಾಟೆ

ದನ ಮೇವು ಬಿಟ್ರೆ ಕೇರಿಗೇ ಗೊತ್ತಾಗುತ್ತೆ, ನಾಯಿ ಅನ್ನ ಮುಟ್ಲಿಲ್ಲ ಅಂದ್ರೆ ಮನೆಯವ್ರಿಗಾದ್ರೂ ಗೊತ್ತಾಗುತ್ತೆ, ಕೋಳಿ ಕಾಳು ಬಿಟ್ಟಿದ್ದು ಮಾತ್ರ ಯಾರ ಗಮನಕ್ಕೂ ಬರಲ್ಲ ಕಣ್ರೀ. ಕೋಳಿಗೆ ಅಂತ ಯಾರು ತಟ್ಟೆ ಇಟ್ಟು ಬಡಿಸ್ತಾರೆ ಹೇಳಿ. ನಮ್ಮ ಸಕಲೇಶಪುರದ ಕಡೆ ಬೆಳಗ್ಗೆ ಒಡ್ಡಿ ಬಾಗಿಲು ತೆಗೆದು ಒಂದು ಹಿಡಿ ನುಚ್ಚೋ ಭತ್ತನೋ ಎರಚಿದ್ರೆ ನಮ್ಮ ಜವಾಬ್ದಾರಿ ಮುಗೀತು, ಆಮೇಲೆ ಅವು ಕಾಫಿ ಗಿಡದ ಬುಡದ ತರಗು ಕೆದಕ್ಕೊಂಡು, ತಿಪ್ಪೆ ಕೆರ್ಕೊಂಡು, ಗೆದ್ದಲು ಎರೆಹುಳ ಸಿಕ್ಕಿದ್ದೆಲ್ಲ ನುಂಗ್ಕೊಂಡು, ಅಂಗಳದಲ್ಲಿ ಒಣಗಾಕಿದ್ದಕ್ಕೂ ಬಾಯಿ ಹಾಕಿ ಬೈಸ್ಕೊಂಡು, ಕತ್ತಲಾಗೋ ಹೊತ್ತಿಗೆ ತಾವೇ ಬಂದು ಒಡ್ಡಿ ಸೇರ್ಕೊಳ್ತವೆ. ಎದ್ದಾಗಿಂದ ಮಲಗೋ ತನಕ ತಿನ್ನೋದೇ ಕಸುಬು. ಅಂಥದ್ದು ತಿನ್ನಲ್ಲ ಅಂತ ಕೂತ್ಬಿಟ್ರೆ ಸಣ್ಣಪುಟ್ಟ ವಿಷಯ ಅಲ್ಲ ಅಂತಲೇ ಲೆಕ್ಕ.

ಅದೂ ಅಲ್ಲದೆ ಕೋಳಿ ತನಗೆ ಹುಷಾರಿಲ್ಲ ಅಂತ ತೋರಿಸ್ಕೊಳ್ಳೋದೂ ಇಲ್ಲ. ತೋರಿಸ್ಕೊಂಡ್ರೆ ಮಿಕ್ಕಿದ್ದವು ಬಿಡಲ್ಲ, ತಲೆ ಮೇಲೇ ಕುಕ್ತವೆ. ಯಾರು ಯಾರನ್ನ ಕುಕ್ಕಬಹುದು, ಯಾರು ಯಾರ ಕೈಲಿ ಕುಕ್ಕಿಸ್ಕೊಂಡು ಸುಮ್ನಿರ್ಬೇಕು ಅನ್ನೋ ಶ್ರೇಣಿ ಕೋಳಿ ಹಿಂಡಲ್ಲಿ ಇದೆ ಅಂತ ನಾರ್ವೆಯ ಶೆಲ್ಡರಪ್ ಎಬ್ಬೆ ಅನ್ನೋರು 1921ರ ಹೊತ್ತಿಗೇ ಬರೆದಿದ್ರಂತೆ, ನಮ್ಮತ್ತೆಗೆ ಹೇಳಿದ್ರೆ ಇದನ್ನ ನೋಡಕ್ಕೆ ಅಷ್ಟು ಓದ್ಬೇಕಿತ್ತಾ ಅಂದ್ರು. ಅಂತೂ ಮೇಲಿನ ಸ್ಥಾನದ ಕೋಳಿ ಸೀಕಾದ್ರೂ ಕಾಳು ಎರಚಿದಾಗ ಓಡಿ ಬರುತ್ತೆ, ನೆಲ ಕುಕ್ಕಿದ ಹಾಗೆ ನಟನೆ ಮಾಡುತ್ತೆ, ಒಂದು ಕಾಳೂ ಒಳಗೆ ಹೋಗಿರಲ್ಲ. ನಟನೆ ಮಾಡೋಕೂ ಆಗ್ದೇ ಇದ್ದಾಗಲೇ ನಮ್ಮ ಕಣ್ಣಿಗೆ ಬೀಳೋದು.

ನಮ್ಮ ಬೂದು ಹ್ಯಾಟೆ ಹಾಗೆ ಬಿದ್ದಿದ್ದು ಆರಿದ್ರಾ ಮಳೆ ಹಿಡಿದ ಮೇಲೆ. ಕಟ್ಟಿಗೆ ಕೊಟ್ಟಿಗೆ ಮೂಲೇಲಿ ಪುಕ್ಕ ಉಬ್ಬಿಸ್ಕೊಂಡು ರೆಕ್ಕೆ ಜೋಲು ಬಿಟ್ಕೊಂಡು ನಿಂತಿತ್ತು. ಕೋಳಿ ತೂಕಡಿಸೋದನ್ನ ಹತ್ರದಿಂದ ನೋಡಿದೀರಾ, ನಮ್ಮ ಹಾಗೆ ಮೇಲಿನ ರೆಪ್ಪೆ ಕೆಳಗೆ ಬರಲ್ಲ, ಕೆಳಗಿನ ರೆಪ್ಪೆ ಮೆಲ್ಲಗೆ ಮೇಲಕ್ಕೆ ಹತ್ತುತ್ತೆ, ಪೂರ್ತಿ ಮುಚ್ಚೋ ಹೊತ್ತಿಗೆ ಕತ್ತು ಜೋಲುತ್ತೆ, ತಟಕ್ಕನೆ ಎಚ್ಚರ ಆಗಿ ರೆಪ್ಪೆ ಕೆಳಗಿಳಿಯುತ್ತೆ, ಮತ್ತೆ ಮೇಲೆ. ಜುಟ್ಟಿನ ಕೆಂಪು ಇಳಿದು ಒಂಥರಾ ಮಂಕಾಗಿತ್ತು. ಕೈಗೆ ಎತ್ಕೊಂಡ್ರೆ ಕೊಸರಾಡ್ಲೂ ಇಲ್ಲ, ನನಗೆ ಹೆದರಿಕೆ ಆಗಿದ್ದು ಅಲ್ಲೇ, ಆರೋಗ್ಯವಾಗಿರೋ ಕೋಳಿ ಯಾರ ಕೈಗೆ ಸುಮ್ನೆ ಬರುತ್ತೆ.

ಅತ್ತೆ ಮೊದಲು ಕಾವಿಗೆ ಬಂದಿರ್ಬೇಕು ಬಿಡು ಅಂದ್ರು. ಅದೂ ಇರಬಹುದಾದ ಮಾತೇ, ಕಾವಿಗೆ ಕೂತ ಕೋಳಿ 21 ದಿನ ಹೆಚ್ಚುಕಮ್ಮಿ ಉಪವಾಸನೇ, ದಿನಕ್ಕೆ ಒಂದ್ಸಲ ಎದ್ದು ನಾಲ್ಕು ಕಾಳು ಒಂದು ಗುಟುಕು ನೀರು ಅಷ್ಟೇ. ಇದರಪ್ಪ ಗಿರಿರಾಜ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವ್ರು 1989ರಲ್ಲಿ ಬಿಟ್ಟ ತಳಿ, ಅವ್ವ ಮಾತ್ರ ಅಪ್ಪಟ ನಾಟಿ, ಹಾಗಾಗಿ ಕಾವಿನ ಬುದ್ಧಿ ಅದಕ್ಕೂ ಇದೆ. ಆದ್ರೆ ಕಾವಿನ ಕೋಳಿ ಹತ್ರ ಕೈ ಒಯ್ದು ನೋಡಿ, ಕುರ್ರ್ ಅಂತ ಮೈಯೆಲ್ಲ ಹರಡ್ಕೊಂಡು ಕುಕ್ಕೋಕೇ ಬರುತ್ತೆ, ಇದು ಕಣ್ಣು ಬಿಟ್ಟೂ ನೋಡ್ಲಿಲ್ಲ. ಆದ್ರೂ ಪಕ್ಕದ ಮನೆ ಚಿಕ್ಕಮ್ಮ ತಣ್ಣೀರಲ್ಲಿ ಮುಳುಗಿಸಿ ಬಿಡು, ಇಲ್ಲಾ ಮೂಗಿಗೊಂದು ಪುಕ್ಕ ಚುಚ್ಚು, ಕಾವು ಇಳಿಯುತ್ತೆ ಅಂದ್ರು. ಆ ಮಳೆ ಚಳೀಲಿ ಅದನ್ನ ನೀರಿಗೆ ಅದ್ದಿದ್ರೆ ಕಾವಿನ ಜೊತೆ ಜೀವನೂ ಇಳೀತಿತ್ತು ಅನ್ಸುತ್ತೆ. ಬೇಡ ಅಂದಿದ್ದಕ್ಕೆ ಹಂಗಾದ್ರೆ ಸಾಯೋಕ್ ಮುಂಚೆ ಕೊಯ್ದುಬಿಡ್ರೇ ಅಂದ್ರು. ಅತ್ತೆಗೆ ಸಿಟ್ಟು ಬಂತು, ಸೀಕು ಕೋಳಿ ತಿನ್ನೋ ಗತಿ ನಮಗೇನೂ ಬಂದಿಲ್ಲ ಅಂತ.

ಆಮೇಲೆ ಶುರುವಾಯ್ತು ನೋಡಿ ಉಪಚಾರ. ಬಚ್ಚಲ ಒಲೆ ಪಕ್ಕ ಗೋಣಿ ಹಾಸಿ ಮಂಕರಿ ಕವುಚಿ ಅದನ್ನ ಕೂರಿಸಿದ್ವಿ. ಅತ್ತೆ ಗಂಜಿ ತಿಳಿಗೆ ಉಪ್ಪಾಕಿ ತಂದ್ರು. ಮಗಳು ಹಾಲಲ್ಲಿ ಪಾರ್ಲೆ ಬಿಸ್ಕೆಟ್ ನೆನೆಸಿ ತಂದ್ಳು. ನಮ್ಮ ಯಜಮಾನ್ರು ಶಕ್ತಿ ಬರ್ಬೇಕು ಅಂತ ಮೊಟ್ಟೆ ಬೇಯ್ಸಿ ಹಳದಿ ಪುಡಿ ಮಾಡಿ ಇಟ್ರು, ಕೋಳಿಗೆ ಕೋಳಿ ಮೊಟ್ಟೆನಾ ಅಂತ ಕೇಳಿದ್ರೆ ಅದಕ್ಕೇನು ಗೊತ್ತಾಗುತ್ತೆ ಅಂದ್ರು. ತೋಟದ ಕೆಲಸಕ್ಕೆ ಬರೋ ಅಜ್ಜ ಕಾಳುಮೆಣಸು, ಸಣ್ಣ ಈರುಳ್ಳಿ ಜಜ್ಜಿ ಅದಕ್ಕೆ ಒಂದು ಮುಚ್ಚಳ ರಮ್ ಸೇರಿಸಿದ್ರೆ ಎದ್ದು ಕೂಗುತ್ತೆ ಅಮ್ಮಾ ಅಂತ ಬಾಗಿಲಲ್ಲಿ ನಿಂತ. ಬಾಟ್ಲಿ ಕೊಟ್ಟಿದ್ರೆ ಕೋಳಿಗೆ ಮುಚ್ಚಳ ಹೋಗ್ತಿತ್ತೋ ಇಲ್ವೋ. ಗಮನಿಸಿ ನೋಡಿದ್ರೆ ಕೋಳಿಗೆ ಏನು ಬೇಕು ಅಂತ ಯಾರೂ ಯೋಚನೆ ಮಾಡಿರ್ಲಿಲ್ಲ, ತಮಗೆ ಮೈ ಸರಿ ಇಲ್ದಾಗ ಏನು ಬೇಕಾಗುತ್ತೋ ಅದನ್ನೇ ಒಬ್ಬೊಬ್ರೂ ತಂದಿದ್ದು. ನಾನೂ ಬಿಡಿ, ಓಆರ್‌ಎಸ್ ಪೊಟ್ಟಣ ಹುಡುಕ್ತಾ ಇದ್ದೆ, ನನಗೆ ಸುಸ್ತಾದ್ರೆ ಅದೇ ಬೇಕು.

ಕೋಳಿ ಇದ್ಯಾವುದನ್ನೂ ಮೂಸ್ಲಿಲ್ಲ. ನಾಲಗೆ ರುಚಿ ತೋರಿಸಿ ಕೋಳೀನ ಒಲಿಸೋದೂ ಕಷ್ಟ, ನಮ್ಮ ನಾಲಗೆಲಿ ಸಾವಿರಗಟ್ಟಲೆ ರುಚಿ ಮೊಗ್ಗು ಇದ್ರೆ ಅದರ ಬಾಯಲ್ಲಿರೋದು ಕೆಲವು ನೂರು. ಖಾರ ಅಂತೂ ಹತ್ತೋದೇ ಇಲ್ಲ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಮ್ಮ ಬಾಯಿ ಸುಟ್ಟ ಹಾಗೆ ಹಕ್ಕಿ ಬಾಯಿ ಸುಡಲ್ಲ. ಅದಕ್ಕೇ ಬೇಲಿ ಸಾಲಲ್ಲಿ ನೆಡದೇ ಸೂಜಿ ಮೆಣಸಿನ ಗಿಡ ಏಳೋದು, ಹಕ್ಕಿ ಆರಾಮಾಗಿ ನುಂಗಿ ಬೀಜ ಹಾಕಿ ಹೋಗಿರುತ್ತೆ.

ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆಯಲ್ಲ ಅಲ್ಲಿಗೆ ಒಯ್ಯೋಣ ಅಂತ ಯಜಮಾನ್ರು ಒಂದ್ಸಲ ಅಂದ್ರು. ಸಕಲೇಶಪುರದಿಂದ ನಲವತ್ತು ಕಿಲೋಮೀಟರ್ ಹತ್ರ ಆಗುತ್ತೆ, ಸರ್ಕಾರಿ ಬಸ್ಸಲ್ಲಿ ಕೋಳಿಗೂ ಟಿಕೆಟ್ ಹರಿಸ್ಬೇಕು, ಜೊತೆಗೆ ಬಸ್ಸಲ್ಲಿರೋರಿಗೆಲ್ಲ ಯಾವ ಹಬ್ಬ ಅಂತ ಉತ್ತರ ಹೇಳ್ಕೊಂಡು ಹೋಗ್ಬೇಕು. ಅಷ್ಟೊತ್ತಿಗೆ ಪಕ್ಕದ ಮನೆ ಹಸು ಕರು ಹಾಕಿ ಕಸ ಬಿದ್ದಿಲ್ಲ ಅಂತ ಡಾಕ್ಟರು ಬಂದಿದ್ರು, ಹಾಗೇ ಕರ್ಕೊಂಡು ಬಂದ್ವಿ.

ಅವರು ಕೇಳಿದ ಮೊದಲ ಮಾತೇ ಹಿಕ್ಕೆ ಯಾವ ಬಣ್ಣ ಅಂತ. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಡೋದು, ಕತ್ತು ತಿರುಚೋದು, ಕಾಲು ಸೋಲೋದು ಇದ್ರೆ ಕೊಕ್ಕರೆ ರೋಗ, ರಾಣಿಖೇತ್ ಅಂತಲೂ ಅಂತಾರೆ, ಅದು ವೈರಸ್, ಹತ್ತಿದ ಮೇಲೆ ಮದ್ದಿಲ್ಲ, ಒಡ್ಡಿಗೆ ಒಡ್ಡಿನೇ ಖಾಲಿ ಮಾಡುತ್ತೆ. ಮರಿ ಒಂದು ವಾರದ್ದಿರುವಾಗ ಲಸೋಟ, ಆರೆಂಟು ವಾರಕ್ಕೆ ಆರ್‌ಟುಬಿ ಅಂತ ಲಸಿಕೆ ಹಾಕಿಸ್ಬೇಕು. ನಮ್ಮಲ್ಲಿ ನಾಕೈದು ಕೋಳಿ ಇಟ್ಕೊಂಡೋರು ಹಾಕ್ಸೋದು ಕಮ್ಮಿ, ಯಾಕಂದ್ರೆ ಒಂದು ಸೀಸೆ ಅಂದ್ರೆ ನೂರಾರು ಕೋಳಿಗಾಗೋಷ್ಟು ಬರುತ್ತೆ, ಕಲಸಿದ್ಮೇಲೆ ಇಟ್ಕೊಳ್ಳೋ ಹಾಗಿಲ್ಲ, ಕೇರಿಯವ್ರೆಲ್ಲ ಒಂದೇ ದಿನ ಕೋಳಿ ಹಿಡ್ಕೊಂಡು ನಿಂತ್ರೆ ಮಾತ್ರ ಲೆಕ್ಕ ಕೂಡುತ್ತೆ. ಕೇರಿಯವ್ರು ಒಂದೇ ದಿನ ಒಂದೇ ಕಡೆ ನಿಲ್ಲೋದು ಓಟಿನ ದಿನ ಮಾತ್ರ.

ನಮ್ಮದಕ್ಕೆ ಅದ್ಯಾವ ಲಕ್ಷಣನೂ ಇರ್ಲಿಲ್ಲ. ಅತ್ತೆ ಜ್ವರ ಸುಡ್ತಿದೆ ನೋಡಿ ಡಾಕ್ಟ್ರೇ ಅಂದ್ರು, ಅವರು ನಕ್ಕು ಕೋಳಿ ಮೈ ಯಾವಾಗ್ಲೂ 41 ಡಿಗ್ರಿ ಆಸುಪಾಸಲ್ಲೇ ಇರುತ್ತಮ್ಮ, ನಮ್ಮ ಕೈಗೆ ಅದು ಜ್ವರನೇ ಅಂದ್ರು. ಆಮೇಲೆ ಕತ್ತಿನ ಬುಡದಲ್ಲಿ ಎದೆ ಮೇಲೆ ಕಾಳು ಶೇಖರಣೆ ಆಗೋ ಚೀಲ ಇರುತ್ತಲ್ಲ ಅದನ್ನ ಬೆರಳಲ್ಲಿ ಒತ್ತಿ ನನ್ನ ಕೈನೂ ಅಲ್ಲಿಡಿಸಿದ್ರು. ನಿಂಬೆಹಣ್ಣಿನಷ್ಟು ದಪ್ಪ, ಗಟ್ಟಿ. ರಾತ್ರಿ ತುಂಬಿದ್ದು ಬೆಳಗ್ಗೆ ಹೊತ್ತಿಗೆ ಖಾಲಿ ಆಗಿರ್ಬೇಕಂತೆ, ಹಲ್ಲಿಲ್ಲದ ಜೀವ ನೋಡಿ, ಅಲ್ಲಿ ನೆನೆದದ್ದು ಕೆಳಗಿಳಿದು ಗುಂಡ್ಕಾಯಿಗೆ ಹೋಗಿ ಕಲ್ಲುಚೂರಿನ ಜೊತೆ ಅರೆದುಕೊಳ್ಳೋದು. ಉದ್ದ ಹುಲ್ಲೋ ಗೋಣಿ ದಾರನೋ ನುಂಗಿ ಮೇಲೇ ಸಿಕ್ಕಾಕ್ಕೊಂಡ್ರೆ ಕೆಳಗೆ ಏನೂ ಇಳಿಯಲ್ಲ, ಹೊಟ್ಟೆ ತುಂಬಿದೆ ಅಂದ್ಕೊಂಡೇ ಹಸಿವಲ್ಲಿ ಸಾಯುತ್ತೆ. ನಾವು ಅಂಥದ್ದರ ಮುಂದೆ ನಾಲ್ಕು ಬಗೆ ಊಟ ಇಟ್ಕೊಂಡು ತಿನ್ನು ತಿನ್ನು ಅಂತಿದ್ವಿ.

ಊಟದ ಮಾತು ಬಿಡಿ, ಮೊದಲು ನೀರು ಅಂದ್ರು ಡಾಕ್ಟರು. ಮೊಟ್ಟೆ ಇಡೋ ಕೋಳಿ ದಿನಕ್ಕೆ ಕಾಲು ಲೀಟರ್ ಹತ್ರ ನೀರು ಕುಡಿಯುತ್ತಂತೆ, ತಿನ್ನೋದರ ಎರಡರಷ್ಟು, ಮೊಟ್ಟೆಯಲ್ಲೂ ಮುಕ್ಕಾಲು ಪಾಲು ನೀರೇ. ಕುಡಿಸೋದು ಮಾತ್ರ ಸೂಕ್ಷ್ಮದ ಕೆಲಸ ಮಾರಾಯ್ರೆ. ಕೊಕ್ಕು ಬಿಡಿಸಿ ನೋಡಿದ್ರೆ ನಾಲಗೆ ಹಿಂದೆನೇ ಒಂದು ಸಣ್ಣ ಸೀಳು ತೆರೆದು ಮುಚ್ಚಿ ಮಾಡ್ತಿರುತ್ತೆ, ಅದು ಉಸಿರಿನ ದಾರಿ, ಸಿರಿಂಜಲ್ಲಿ ಒಂದೇ ಏಟಿಗೆ ಚಿಮ್ಮಿಸಿದ್ರೆ ನೀರು ಅಲ್ಲಿಗೇ ಹೋಗಿ ಕೋಳಿ ಕೈಯಲ್ಲೇ ಹೋಗುತ್ತೆ. ತಲೆಕೆಳಗು ಮಾಡಿ ಕಕ್ಕಿಸೋಕೆ ಹೋಗೋದೂ ಅಷ್ಟೇ ಅಪಾಯ. ಸೂಜಿ ತೆಗೆದ ಸಿರಿಂಜಿಂದ ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಬಿಡ್ಬೇಕು, ಆ ಹನಿ ಕೊಕ್ಕಿನ ಸಂದಿ ಹಿಡಿದು ತುದಿಗೆ ಬಂದು ನೇತಾಡುತ್ತೆ, ಕೋಳಿ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಕೊಕ್ಕು ಕಟಕಟ ಅನ್ನಿಸಿ ಕತ್ತೆತ್ತಿ ಇಳಿಸ್ಕೊಳ್ಳುತ್ತೆ. ಆಮೇಲೆ ಇನ್ನೊಂದು ಹನಿ. ಬೆಲ್ಲ, ಚಿಟಿಕೆ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರು. ಮಧ್ಯೆ ಮಧ್ಯೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಆ ಗಂಟನ್ನ ಬೆರಳಲ್ಲಿ ಮೆತ್ತಗೆ ನೀವ್ತಾ ಕೂತ್ಕೋಬೇಕು. ಮನೇಲಿ ಈ ಕೆಲಸಕ್ಕೆ ಪಾಳಿ ಬಿತ್ತು. ಆಶ್ಚರ್ಯ ಏನಂದ್ರೆ ಅತ್ತೆ ಸೀರಿಯಲ್ ಬಿಟ್ಟು ಬಚ್ಚಲ ಒಲೆ ಮುಂದೆ ಕೂತಿರ್ತಿದ್ರು, ಕೋಳಿ ಹತ್ರ ಯಾರದ್ದೋ ಸೊಸೆ ವಿಷಯ ಮಾತಾಡ್ತಾ. ಯಾವ ಸೊಸೆ ಅಂತ ನಾನು ವಿಚಾರಿಸೋಕೆ ಹೋಗ್ಲಿಲ್ಲ.

ಗಂಟು ಒಂದು ಬೆಳಗ್ಗೆ ಮೆತ್ತಗಾಗಿತ್ತು, ಆ ಮಧ್ಯಾಹ್ನ ಗೋಣಿ ಮೇಲೆ ಒಳ್ಳೆ ದಪ್ಪಗೆ, ಬಿಳಿ ಟೋಪಿ ಹಾಕ್ಕೊಂಡ ಹಿಕ್ಕೆ ಬಿತ್ತು. ಒಂದು ಕೋಳಿ ಹಿಕ್ಕೆ ನೋಡಕ್ಕೆ ಮನೆಯವ್ರೆಲ್ಲ ಬಚ್ಚಲಿಗೆ ಓಡಿದ್ದು ನಮ್ಮ ವಂಶದಲ್ಲೇ ಮೊದಲು ಇರ್ಬೇಕು. ಮಾರನೇ ದಿನ ಅದು ಮಗಳ ಕಾಲುಗೆಜ್ಜೆ ಕುಕ್ತು, ಆಮೇಲೆ ನುಚ್ಚು ತಿಂತು. ಹಿಂಡಿಗೆ ವಾಪಸ್ ಬಿಟ್ಟಾಗ ಹಳೇ ಸ್ಥಾನ ಯಾರೂ ಬಿಟ್ಟುಕೊಡ್ಲಿಲ್ಲ, ಕುಕ್ಕಿ ಕುಕ್ಕಿ ಓಡಿಸಿದ್ವು, ಕತ್ತಲಾದ ಮೇಲೆ ಒಡ್ಡಿ ಒಳಗೆ ಮೆಲ್ಲಗೆ ಸೇರಿಸಿದ್ಮೇಲೆ ಸ್ವಲ್ಪ ಸರಿ ಹೋಯ್ತು.

ಡಾಕ್ಟರು ಒಂದು ಆಂಟಿಬಯಾಟಿಕ್ಕೂ ಕೊಟ್ಟಿದ್ರು, ಔಷಧಿ ನಿಲ್ಲಿಸಿದ್ಮೇಲೂ ಚೀಟೀಲಿ ಬರೆದಷ್ಟು ದಿನ ಮೊಟ್ಟೆ ಮಾಂಸ ತಿನ್ಬೇಡಿ, ಮೈಯಿಂದ ಔಷಧಿ ಇಳೀಬೇಕು ಅಂದಿದ್ರು. ಆ ದಿನ ಎಲ್ಲ ಮುಗಿದು ಎಷ್ಟೋ ಕಾಲ ಆಯ್ತು. ಮೊಟ್ಟೆ ಧಾರಾಳವಾಗಿ ತಿಂತಾ ಇದೀವಿ. ಮೊನ್ನೆ ಹಿರಿಯರ ಹಬ್ಬಕ್ಕೆ ಬಂದ ಮೈದುನ ಅಂಗಳದಲ್ಲಿ ನಿಂತು ಈ ಬೂದು ಹ್ಯಾಟೆ ಚೆನ್ನಾಗಿ ಬಲಿತಿದೆ, ಕಡುಬಿಗೆ ಸರಿಯಾಗುತ್ತೆ ಅಂದ. ನಮ್ಮ ಯಜಮಾನ್ರು ಅದಕ್ಕೆ ಇಂಜೆಕ್ಷನ್ ಆಗಿದೆ ಕಣೋ, ಡಾಕ್ಟ್ರು ತಿನ್ಬೇಡಿ ಅಂದಿದಾರೆ ಅಂದ್ರು. ಯಾವಾಗ ಆಗಿದ್ದು ಅಂತ ಅವನು ಅತ್ತೆ ಕಡೆ ತಿರುಗಿದ. ಅತ್ತೆ ಅಕ್ಕಿ ಆರಿಸ್ತಾ ಇದ್ದೋರು ತಲೆನೂ ಎತ್ತದೆ, ಹೋದ ವಾರ, ನೀನು ಹೋಗಿ ಆ ಕರಿ ಹುಂಜ ಹಿಡಿ ಅಂದ್ರು.