ದೇವರ ಮನೆಯಿಂದ ಕದ್ದ ವಿಮಾನ

ಒಂದೇ ಜೊತೆ ರೆಕ್ಕೆ ಇರುವ ವಿಮಾನದ ಮಾಡೆಲ್ ಮಾಡುವವರು ಜಾಣರು. ಅಂಟು ಹಾಕಿ, ಬಣ್ಣ ಬಳಿದು, ಶೋಕೇಸಿನಲ್ಲಿಟ್ಟು ಊಟಕ್ಕೆ ಏಳುತ್ತಾರೆ. ನಾನು ಹೋಗಿ ಹೋಗಿ ಎಸ್.ಇ.5ಎ ಹಿಡಿದುಕೊಂಡು ಕೂತೆ. ಮೊದಲ ಮಹಾಯುದ್ಧದ ಬ್ರಿಟಿಷ್ ವಿಮಾನ, ಮೇಲೊಂದು ಕೆಳಗೊಂದು ರೆಕ್ಕೆ. ಕಲ್ಕತ್ತೆಯ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಇದನ್ನೇ ಹಾರಿಸಿ ಎರಡೇ ವಾರದಲ್ಲಿ ಶತ್ರು ವಿಮಾನಗಳ ಮೇಲೆ ಹತ್ತು ಜಯ ಗಳಿಸಿದ, ಅದೇ 22ರಂದು ಸತ್ತೂ ಹೋದ. ಆಗಿನ್ನೂ ಅವನಿಗೆ 19. ಇದನ್ನು ಓದಿ ಮನಸ್ಸು ಕರಗಿ ಕಿಟ್ ತರಿಸಿಬಿಟ್ಟೆ. ಡಬ್ಬಿ ಮೇಲಿನ ಚಿತ್ರದಲ್ಲಿ ತಂತಿಗಳಿದ್ದವು. ಡಬ್ಬಿ ಒಳಗೆ ಇರಲಿಲ್ಲ.

ತಂತಿ ಬಿಡಿ, ಮೊದಲು ಹೋಗಿದ್ದು ಸ್ಟ್ರಟ್, ಅಂದರೆ ಎರಡು ರೆಕ್ಕೆಗಳ ನಡುವಿನ ಕಂಬ. ಚಿಮುಟದಲ್ಲಿ ಹಿಡಿದಿದ್ದೆ, ಟಕ್ ಅಂತ ಹಾರಿತು. ಈ ವಿಮಾನದಲ್ಲಿ ನಿಜವಾಗಿ ಹಾರಿದ್ದು ಅದೊಂದೇ. ಮಂಚದ ಕೆಳಗೆಲ್ಲ ಟಾರ್ಚ್ ಬಿಟ್ಟು ಹುಡುಕಿದೆ, ಬೆಳಗ್ಗೆ ಕಸದ ಜೊತೆ ಹೋಯಿತೋ ಏನೋ. ಬದಲಿಗೆ ಕಡ್ಡಿ ಪೊರಕೆಯ ಕಡ್ಡಿ ಹಾಕಿದೆ, ಅದು ಒಂದು ಕಡೆ ದಪ್ಪ ಇನ್ನೊಂದು ಕಡೆ ಸಣ್ಣ. ಟೂತ್‌ಪಿಕ್ ಉಜ್ಜಿದರೆ ನಾರು ಎದ್ದು ಗಡ್ಡ ಬಿಟ್ಟ ಹಾಗೆ ಕಂಡಿತು. ಆಮೇಲೆ ದೇವರ ಮನೆಯಲ್ಲಿ ಕಣ್ಣಿಗೆ ಬಿತ್ತು, ಅಗರಬತ್ತಿ! ಬಿದಿರು, ನೆಟ್ಟಗಿದೆ, ಸಣ್ಣಗಿದೆ, ಮೈಸೂರಲ್ಲಿ ಅದಕ್ಕೇನು ಬರವೇ? ಮಸಾಲೆ ಕೆರೆದು ತೆಗೆದು, ಮುಂದೆ ಗುಂಡಗೆ ಹಿಂದೆ ಚೂಪಗೆ ಬರುವಂತೆ ಉಜ್ಜಿದೆ. ಗಾಳಿ ಸೀಳಿಕೊಂಡು ಹೋಗಲಿ ಅಂತ ನಿಜವಾದ ಸ್ಟ್ರಟ್‌ಗಳೂ ಹಾಗೇ ಇರುತ್ತವೆ. ಒಂದು ಸರಿಯಾಗುವಷ್ಟರಲ್ಲಿ ಹನ್ನೊಂದು ಮುರಿದಿದ್ದವು.

"ಏನೋ ಇದು, ಬತ್ತಿ ಎಲ್ಲ ಬೋಳು?" ಅಂದಳು ಅಮ್ಮ.

ಈಗ ತಂತಿ. ಇದು ಅಲಂಕಾರಕ್ಕಲ್ಲ. ಹಾರುವಾಗ ರೆಕ್ಕೆ ಮೇಲಕ್ಕೆ ಕಿತ್ತುಹೋಗದಂತೆ ಹಿಡಿಯುವ ತಂತಿಗಳು ಬೇರೆ, ನೆಲದಲ್ಲಿ ನಿಂತಾಗ ಜೋತುಬೀಳದಂತೆ ಹಿಡಿಯುವ ತಂತಿಗಳು ಬೇರೆ. ಮೊದಲು ಹೊಲಿಗೆ ನೂಲು ಕಟ್ಟಿದೆ. ನನ್ನ ಮಾಡೆಲ್ 1:48 ಅಳತೆಯದು, ಅಂದರೆ ನಿಜವಾದ ವಿಮಾನ ಇದರ 48 ಪಟ್ಟು. 0.2 ಮಿ.ಮೀ. ನೂಲನ್ನು 48ರಿಂದ ಗುಣಿಸಿ, ಹತ್ತಿರ ಹತ್ತಿರ ಒಂದು ಸೆಂ.ಮೀ.! ಸಾಲದ್ದಕ್ಕೆ ಮೈತುಂಬ ಜುಂಗು. ಯುದ್ಧ ವಿಮಾನಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ ಹಾಗಿತ್ತು.

ಇನ್ನೂ ಸಣ್ಣದು ಏನಿದೆ? ಕೂದಲು. ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ "ನಿನ್ನ ಕೂದಲು ಎಷ್ಟು ಉದ್ದ, ಎಷ್ಟು ನೇರ" ಅಂದೆ. ಅವಳು ಒಂದು ನಿಮಿಷ ನನ್ನನ್ನೇ ನೋಡಿ, "ಬಾಚಣಿಗೆಯಲ್ಲಿದೆ, ತಗೊಳ್ರಿ" ಅಂದಳು. ಫೆಬ್ರವರಿಯಲ್ಲಿ ಕಟ್ಟಿದ್ದು, ವೀಣೆ ತಂತಿ ಹಾಗೆ ಬಿಗಿಯಾಗಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಎಲ್ಲ ಜೋಲು. ಗಾಳಿಯಲ್ಲಿ ತೇವ ಹೆಚ್ಚಾದರೆ ಕೂದಲು ಉದ್ದವಾಗುತ್ತದೆ, ಹಿಂದೆ ತೇವ ಅಳೆಯುವ ಯಂತ್ರಕ್ಕೆ ಮನುಷ್ಯರ ಕೂದಲನ್ನೇ ಹಾಕುತ್ತಿದ್ದರಂತೆ. ನನಗೆ ಇದು ಗೊತ್ತಾಗಿದ್ದು ಆಮೇಲೆ. ಅಷ್ಟರಲ್ಲಿ ಹೆಂಡತಿ ಬಟ್ಟೆ ಒಳಗೆ ತರಬೇಕೋ ಬೇಡವೋ ಅಂತ ವಿಮಾನ ನೋಡಿ ಹೇಳುತ್ತಿದ್ದಳು.

ಮುಂದಿನದು ಸ್ಪ್ರೂ. ಕಿಟ್‌ನ ಬಿಡಿಭಾಗಗಳು ಅಂಟಿಕೊಂಡು ಬರುತ್ತವಲ್ಲ, ಆ ಪ್ಲಾಸ್ಟಿಕ್ ಚೌಕಟ್ಟು. ಅದರ ತುಂಡನ್ನು ಮೇಣದಬತ್ತಿ ಮೇಲೆ ಮೆತ್ತಗೆ ಮಾಡಿ, ಪಕ್ಕಕ್ಕೆ ತಂದು ಎರಡೂ ಕೈಯಲ್ಲಿ ಎಳೆದರೆ ಜೇಡರ ಬಲೆಯ ಎಳೆ ಹಾಗೆ ಬರುತ್ತದೆ. ಅಂಟಿಸಿದ ಮೇಲೆ ಸ್ವಲ್ಪ ಜೋಲಾಗಿದ್ದರೆ ಉರಿಯುವ ಅಗರಬತ್ತಿ ಹತ್ತಿರ ತರಬೇಕು, ಮುಟ್ಟಿಸಬಾರದು, ಆ ಬಿಸಿಗೇ ಎಳೆ ಸುಯ್ ಅಂತ ಬಿಗಿಯಾಗುತ್ತದೆ. ಹೌದು, ಮತ್ತೆ ಅಗರಬತ್ತಿ! ನೋಡಲು ಏನು ಖುಷಿ ಅಂತೀರಿ. ನಾಲ್ಕು ಎಳೆ ಬಿಗಿಯಾದವು, ಐದನೆಯದಕ್ಕೆ ಫೋನ್ ರಿಂಗಾಯಿತು, ನಾನು ತಿರುಗಿದೆ, ಬತ್ತಿಯೂ ನನ್ನ ಜೊತೆ ತಿರುಗಿತು, ಕೆಳಗಿನ ರೆಕ್ಕೆಗೆ ತೂತು. ಮನೆಯೆಲ್ಲ ಗಂಧ ಮತ್ತು ಸುಟ್ಟ ಪ್ಲಾಸ್ಟಿಕ್ ವಾಸನೆ. ತೂತನ್ನು ಶತ್ರುವಿನ ಗುಂಡು ಅಂತ ಹೇಳಿಕೊಂಡು ಬಿಟ್ಟೆ.

ದಸರಾಕ್ಕೆ ಅಮ್ಮ ಗೊಂಬೆ ಕೂರಿಸುವಾಗ ವಿಮಾನವನ್ನೂ ಕೇಳಿದಳು. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲು, ಶೆಟ್ಟಿ ಗೊಂಬೆಯ ಪಕ್ಕ. ಆರತಿಗೆ ಬಂದ ಪಕ್ಕದ ಮನೆ ಮಗು ಸೀದಾ ಹೋಗಿ ತಂತಿ ಮೀಟಿತು. ಸ್ಪ್ರೂ ಎಳೆಗೆ ಅಷ್ಟು ಸಾಕು, ಟಿಕ್ ಟಿಕ್ ಟಿಕ್. "ಅಯ್ಯೋ, ಇರಲಿ ಬಿಡಿ, ಮಗು" ಅಂದೆ, ಹಲ್ಲು ಕಚ್ಚಿಕೊಂಡು.

ಈಗ ಇರುವುದು ಎಲಾಸ್ಟಿಕ್ ಎಳೆ, ಮಾಡೆಲ್ ಮಾಡುವವರಿಗೆಂದೇ ಬರುತ್ತದೆ. ಮುಟ್ಟಿದರೆ ಬಗ್ಗಿ ವಾಪಸ್ ತನ್ನ ಜಾಗಕ್ಕೆ ಬರುತ್ತದೆ. ಕಟ್ಟುವ ದಿನ ಸೂಪರ್ ಗ್ಲೂನಿಂದ ಹೆಬ್ಬೆರಳು ಮೇಲಿನ ರೆಕ್ಕೆಗೆ ಅಂಟಿ, ಕೊರಿಯರ್ ಹುಡುಗ ಬಂದಾಗ ವಿಮಾನದ ಸಮೇತ ಬಾಗಿಲು ತೆಗೆದಿದ್ದೆ, ಆ ಕಥೆ ಬೇಡ.

ಅವನು ತಂದಿದ್ದು ಮುಂದಿನ ಕಿಟ್, ಬಿ.ಇ.2ಸಿ. ಅದಕ್ಕೆ ರೆಕ್ಕೆಗಳ ನಡುವೆ ಎಂಟು ಸ್ಟ್ರಟ್. ಅಮ್ಮ ಈಗ ಪೊಟ್ಟಣ ಬಿಚ್ಚಿದ ಕೂಡಲೇ ಬತ್ತಿ ಎಣಿಸಿಡುತ್ತಾಳೆ.