ನಾಡು ಹೋದರೂ ಕುರ್ಚಿ ಗಟ್ಟಿ

ಸರ್ಕಾರಿ ಕೆಲಸ ಅಂದರೆ ಕೋಸ್ತಾಕಿ ಮುಸೂರುಸ್ ಪಾಷಾ ಅವರದ್ದು. ತುರ್ಕಿಯ ಒಟ್ಟೋಮನ್ ಸುಲ್ತಾನರ ಪ್ರತಿನಿಧಿಯಾಗಿ 1851ರಲ್ಲಿ ಲಂಡನ್ನಿನಲ್ಲಿ ಕೂತವರು ಎದ್ದದ್ದು 1885ಕ್ಕೆ. ಅಷ್ಟು ಹೊತ್ತಿಗೆ ಇಸ್ತಾಂಬುಲ್‌ನಲ್ಲಿ ನಾಲ್ಕನೇ ಸುಲ್ತಾನ ಬಂದಾಗಿತ್ತು, ಸಾಮ್ರಾಜ್ಯ ಅರ್ಧ ಕರಗಿತ್ತು, ಇವರ ಕುರ್ಚಿ ಮಾತ್ರ ಅಲ್ಲಾಡಲಿಲ್ಲ.

1867ರಲ್ಲಿ ಸುಲ್ತಾನ್ ಅಬ್ದುಲ್ ಅಜೀಜ್ ಲಂಡನ್ನಿಗೆ ಬಂದಾಗ, ಅಲ್ಲಿಂದಲೇ ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನಲ್ಲಿ ಭರ್ಜರಿ ನೃತ್ಯಕೂಟ ನಡೆಯಿತು. ಬಿಲ್ ಯಾರಿಗೆ ಹೋಯಿತು ಗೊತ್ತಾ? ಭಾರತದ ಖಜಾನೆಗೆ! ಕುಣಿದವರು ಅಲ್ಲಿ, ಕಂದಾಯ ಕಟ್ಟಿದವರು ಇಲ್ಲಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಎಂಟು ವರ್ಷಕ್ಕೆ, 1875ರಲ್ಲಿ, ಸುಲ್ತಾನರ ಸರ್ಕಾರ ಸಾಲಕ್ಕೆ ಅರ್ಧ ಬಡ್ಡಿಯನ್ನಷ್ಟೇ ನಗದಾಗಿ ಕೊಡ್ತೀವಿ ಅಂತ ಕೈ ಎತ್ತಿತು. ಸಾಲ ಕೊಟ್ಟವರು ತುಂಬಿದ್ದ ಊರಲ್ಲಿ ಆ ಸರ್ಕಾರದ ಮುಖವಾಗಿ ಓಡಾಡುವುದು ಸುಮ್ನೆ ಮಾತಲ್ಲ ಬಿಡಿ.

ಆಮೇಲೆ ಸೈಪ್ರಸ್. 1878ರ ಒಪ್ಪಂದದ ಪ್ರಕಾರ ದ್ವೀಪ ಸುಲ್ತಾನರದ್ದೇ, ಆಡಳಿತ ಮಾತ್ರ ಬ್ರಿಟಿಷರದ್ದು. ಅದಕ್ಕೆ ವರ್ಷಕ್ಕೆ ಕಪ್ಪ 92,799 ಪೌಂಡ್, 11 ಶಿಲಿಂಗ್, 3 ಪೆನ್ಸ್. ಆ 3 ಪೆನ್ಸನ್ನೂ ಬಿಡದೆ ಲೆಕ್ಕ ಹಾಕಿದವರು ಕಂತನ್ನು ಇಸ್ತಾಂಬುಲ್‌ಗೆ ಕಳಿಸಲೇ ಇಲ್ಲ. 1855ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಅಂತ ಸುಲ್ತಾನರು ಎತ್ತಿದ ಸಾಲಕ್ಕೆ ಬ್ರಿಟನ್, ಫ್ರಾನ್ಸ್ ಜಾಮೀನು ನಿಂತಿದ್ದವಲ್ಲ, ಅದಕ್ಕೆ ಮುರಿದುಕೊಂಡರು. ದುಡ್ಡು ಹೊಂದಿಸಿದ್ದೋ ದ್ವೀಪದವರ ತೆರಿಗೆಯಿಂದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂದರೆ ಇದೇ ಅಲ್ವಾ?

1882ರ ಜುಲೈನಲ್ಲಿ ಬ್ರಿಟಿಷ್ ನೌಕಾಪಡೆ ಅಲೆಕ್ಸಾಂಡ್ರಿಯಾದ ಮೇಲೆ ಗುಂಡಿನ ಮಳೆ ಸುರಿಸಿತು, ಸೆಪ್ಟೆಂಬರ್ ಹೊತ್ತಿಗೆ ಈಜಿಪ್ಟ್ ಅವರ ಕೈಲಿತ್ತು. ಕಾಗದದ ಮೇಲೆ ಮಾತ್ರ ಅದು ಆಗಲೂ ಸುಲ್ತಾನರದ್ದೇ! ಯಾವಾಗ ಹೊರಡ್ತೀರಿ ಅಂತ ಕೇಳಿದರೆ ಬ್ರಿಟಿಷರು ಬಲು ಮರ್ಯಾದೆಯಿಂದ, ಇನ್ನೇನು, ವ್ಯವಸ್ಥೆ ಒಂದು ಸರಿಹೋಗಲಿ ಅನ್ನೋರು.

ನಮ್ಮ ಪಾಷಾ ಅವರು ಆ ವರ್ಷ ಏನು ಮಾಡಿದರು? ಇಟಲಿಯ ಕವಿ ಡಾಂಟೆಯ ಮಹಾಕಾವ್ಯದ ‘ನರಕ’ ಭಾಗವನ್ನು ಗ್ರೀಕ್ ಭಾಷೆಗೆ ಅನುವಾದಿಸಿ ಲಂಡನ್ನಿನಲ್ಲೇ ಪ್ರಕಟಿಸಿದರು. ದಿನಾ ನೋಡುತ್ತಿದ್ದವರಿಗೆ ಕಷ್ಟ ಆಗಿರಲಿಕ್ಕಿಲ್ಲ. ನಿವೃತ್ತರಾದ 1885ಕ್ಕೆ ‘ಸ್ವರ್ಗ’ದ ಭಾಗವೂ ಮುಗಿಯಿತು.

ಮುಂದೆ ಅವರ ಮಗನೂ ರಾಯಭಾರಿಯಾಗಿ ಲಂಡನ್ನಿಗೇ ಬಂದರು. ಆಗಲೂ ಬ್ರಿಟಿಷರು ಈಜಿಪ್ಟಿನಿಂದ ಇನ್ನೇನು ಹೊರಡುವವರಿದ್ದರು.